ಆಕಾಶದ ಕಣ್ಣಿಗೆ ಗುಂಟೆಯ ಲೆಕ್ಕ

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಪಯಣಿಸಿದವರಿಗೆ ಹುಕ್ಕೇರಿ ತಾಲೂಕಿನ ಯಮಕನಮರಡಿ ಅಪರಿಚಿತವಾದ ಊರೇನೂ ಅಲ್ಲ. ಪಡುವಣದಲ್ಲಿ ಸಹ್ಯಾದ್ರಿಯ ಸೆರಗು, ಮೂಡಣದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಹಿಡಕಲ್ ಜಲಾಶಯ, ನಡುವೆ ಕಬ್ಬು, ಜೋಳ, ಶೇಂಗಾ, ಸೋಯಾ ಬೆಳೆಯುವ ಹೊಲಗಳು. ಈ ಸೀಮೆಯ ರೈತನೊಬ್ಬನ ಉತಾರವನ್ನು ಬಿಡಿಸಿ ನೋಡಿದರೆ ಅಲ್ಲಿ 2 ಎಕರೆ 17 ಗುಂಟೆ 8 ಆಣೆ ಎಂಬಂಥ ಲೆಕ್ಕವೊಂದು ಇರುತ್ತದೆ. ಇದನ್ನೇ ದಶಾಂಶದಲ್ಲಿ ಬರೆಯೆಂದರೆ ಶಾಲೆಯ ಹುಡುಗನು 2.4375 ಎಕರೆ ಎಂದು ಬರೆದಾನು. ಎರಡೂ ಒಂದೇ ಭೂಮಿ. ಆದರೆ ಉತಾರದ ಬರವಣಿಗೆಯಲ್ಲಿ ಬಿಂದುವೂ ಇಲ್ಲ, ಭಿನ್ನರಾಶಿಯೂ ಇಲ್ಲ, ಇರುವುದೆಲ್ಲ ಪೂರ್ಣಾಂಕ. ಎಕರೆಯನ್ನು 40 ಗುಂಟೆಯಾಗಿಯೂ ಗುಂಟೆಯನ್ನು 16 ಆಣೆಯಾಗಿಯೂ ಒಡೆದ ಹಿಂದಿನವರು, ಮಾನವನ್ನು ಸಣ್ಣದು ಮಾಡಿಕೊಂಡರೆ ಭಿನ್ನರಾಶಿಯ ಹಂಗು ತಪ್ಪುತ್ತದೆಂಬುದನ್ನು ಚೆನ್ನಾಗಿ ಅರಿತಿದ್ದರು.

ಅದೇ ಉಪಾಯವು ಇಂದು ಭೂಮಿಯಿಂದ ನೂರಾರು ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಚಿತ್ರಗಳಿಗೂ ಬೇಕಾಗಿದೆ. ಅದನ್ನು ಸರಿಯಾಗಿ ಬಳಸಿದರೆ ಹೊಲದ ನಿಜಸ್ಥಿತಿ ಕಾಗದದ ಮೇಲೆ ಬರುತ್ತದೆ. ಅಜಾಗರೂಕತೆಯಿಂದ ಬಳಸಿದರೆ ಹಸುರು ಬೆಳೆ ಒಣಗಿದಂತೆಯೂ, ಒಣಗಿದ ಬೆಳೆ ಹಸುರಾದಂತೆಯೂ ತೋರೀತು. ಬರಗಾಲದ ನಿರ್ಣಯದಲ್ಲಿ ಈ ಚಿತ್ರಗಳಿಗೆ ಸ್ಥಾನ ದೊರೆತಿರುವ ಕಾಲದಲ್ಲಿ ಇದು ಕೇವಲ ಗಣಿತದ ವಿನೋದವಲ್ಲ.

ಒಂದು ಚೌಕ, ಒಂದು ಗುಂಟೆ

ಉಪಗ್ರಹದ ಚಿತ್ರವೆಂದರೆ ವಾಸ್ತವದಲ್ಲಿ ಚಿತ್ರವಲ್ಲ. ಅದೊಂದು ಅಂಕಿಗಳ ಹಾಸು. ಚೌಕಳಿ ಸೀರೆಯಂತೆ ನೆಲವನ್ನೆಲ್ಲ ಸಮನಾದ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೂ ಒಂದೊಂದು ಸಂಖ್ಯೆಯನ್ನು ಬರೆದಿಡಲಾಗುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಇಂಥ ಹಾಸಿಗೆ ರಾಸ್ಟರ್ ಎಂದು ಹೆಸರು. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು 2015ರ ಜೂನ್ 23ರಂದು ಹಾರಿಸಿದ ಸೆಂಟಿನೆಲ್-2ಎ ಉಪಗ್ರಹದ ಮುಖ್ಯ ಬಣ್ಣಗಳಲ್ಲಿ ಒಂದು ಚೌಕದ ಬದಿ 10 ಮೀಟರು. ಅಂದರೆ ಚೌಕದ ವಿಸ್ತಾರ 100 ಚದರ ಮೀಟರು. ಗುಂಟೆಯಾದರೋ 33 ಅಡಿ ಉದ್ದ, 33 ಅಡಿ ಅಗಲ. ಮೀಟರಿನ ಲೆಕ್ಕದಲ್ಲಿ ಸುಮಾರು 101 ಚದರ ಮೀಟರು. ಯಾರೂ ಯೋಜಿಸದೆಯೇ ಆಕಾಶದ ಕಣ್ಣು ಯಮಕನಮರಡಿಯ ಹೊಲವನ್ನು ಗುಂಟೆ ಗುಂಟೆಯಾಗಿಯೇ ಎಣಿಸುತ್ತಿದೆ!

ಚೌಕದಲ್ಲಿ ಬರೆಯುವ ಅಂಕಿ ಯಾವುದು? ಬೆಳೆಯ ವಿಷಯದಲ್ಲಿ ಬಹಳವಾಗಿ ಬಳಸುವುದು ಹಸುರಿನ ಸೂಚ್ಯಂಕವನ್ನು. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿದರೆ −1ರಿಂದ +1ರವರೆಗಿನ ಒಂದು ಸಂಖ್ಯೆ ದೊರೆಯುತ್ತದೆ. ಉದಾಹರಣೆಗಾಗಿ ಹಿಡಕಲ್ ಹಿನ್ನೀರಿಗೆ −0.1, ಈಗತಾನೆ ಉತ್ತ ನೆಲಕ್ಕೆ 0.15, ಬಾಡಿದ ಜೋಳಕ್ಕೆ 0.3, ಸೊಂಪಾದ ಕಬ್ಬಿಗೆ 0.8 ಎಂದು ಇಟ್ಟುಕೊಳ್ಳಬಹುದು. ರೈತನ ಸುಖದುಃಖವೆಲ್ಲ ಸೊನ್ನೆಗೂ ಒಂದಕ್ಕೂ ನಡುವಣ ಈ ಇಕ್ಕಟ್ಟಿನಲ್ಲಿಯೇ ಅಡಗಿದೆ.

ಇಂಥ ದಶಾಂಶ ಸಂಖ್ಯೆಗಳನ್ನು ಗಣಕಯಂತ್ರವು ತೇಲುಬಿಂದು ಎಂಬ ರೀತಿಯಲ್ಲಿ ಕಾಪಿಡುತ್ತದೆ. ಬಿಂದುವು ಆಚೆಗೋ ಈಚೆಗೋ ಸರಿಯಲು ಅವಕಾಶವಿರುವುದರಿಂದ ಆ ಹೆಸರು. ಸಾಮಾನ್ಯವಾಗಿ ಇದಕ್ಕೆ ಚೌಕವೊಂದಕ್ಕೆ 4 ಬೈಟುಗಳ ಜಾಗ ಬೇಕು. ಸಣ್ಣ ಪೂರ್ಣಾಂಕಕ್ಕಾದರೆ 2 ಬೈಟು ಸಾಕು; ಇನ್ನೂ ಸಣ್ಣದಕ್ಕೆ ಒಂದೇ ಬೈಟು. ಸೆಂಟಿನೆಲ್ ಚಿತ್ರದ ಒಂದು ಹಾಳೆಯಲ್ಲಿ 10,980 ಸಾಲು, ಸಾಲಿಗೆ 10,980 ಚೌಕ. ಒಟ್ಟು 12 ಕೋಟಿಗೂ ಮಿಗಿಲು. ತೇಲುಬಿಂದುವಿನಲ್ಲಿ ಇದಕ್ಕೆ 48 ಕೋಟಿ ಬೈಟು, ಪೂರ್ಣಾಂಕದಲ್ಲಿ 24 ಕೋಟಿ. ಕೆಲವೇ ದಿನಗಳಿಗೊಮ್ಮೆ ಹೊಸ ಹಾಳೆ ಬರುವಾಗ ಈ ಅರ್ಧದ ಉಳಿತಾಯ ಸಣ್ಣದಲ್ಲ. ಆದ್ದರಿಂದಲೇ ದಶಾಂಶವನ್ನು ಪೂರ್ಣಾಂಕ ಮಾಡುವ ಪದ್ಧತಿ ಬೆಳೆಯಿತು.

ತಾಲೂಕೆಲ್ಲ ಸೊನ್ನೆ

ನಕ್ಷೆಗಳ ಕೆಲಸಕ್ಕಾಗಿರುವ ಜಿಐಎಸ್ ತಂತ್ರಾಂಶಗಳಲ್ಲಿ ಸಂಖ್ಯೆಯ ಜಾತಿಯನ್ನು ಬದಲಿಸುವ ಆಜ್ಞೆಯೊಂದು ಇರುತ್ತದೆ. ಹೊಸಬನು ಅದನ್ನು ಒತ್ತಿ, ದಶಾಂಶ ಹೋಗಿ ಪೂರ್ಣಾಂಕ ಬಂತೆಂದು ಸಂತೋಷಪಡುತ್ತಾನೆ. ಚಿತ್ರವನ್ನು ತೆರೆದರೆ ಪರದೆಯೆಲ್ಲ ಕಪ್ಪು! ಬಿಂದುವಿನ ಮುಂದಿನದನ್ನು ಯಂತ್ರವು ಕತ್ತರಿಸಿ ಬಿಸಾಡಿರುತ್ತದೆ. −0.1 ಎಂಬುದೂ ಸೊನ್ನೆ, 0.15 ಎಂಬುದೂ ಸೊನ್ನೆ, 0.3 ಎಂಬುದೂ ಸೊನ್ನೆ, 0.8 ಎಂಬುದೂ ಸೊನ್ನೆ. ಜಲಾಶಯ, ಬೀಳುಭೂಮಿ, ಬಾಡಿದ ಜೋಳ, ಬೆಳೆದು ನಿಂತ ಕಬ್ಬು ಎಲ್ಲವೂ ಒಂದೇ. ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸುವ ತಂತ್ರಾಂಶವಾದರೆ ಕಬ್ಬಿಗೆ ಮಾತ್ರ 1 ಬಂದು, ಉಳಿದುದೆಲ್ಲ ಸೊನ್ನೆಯಾಗಿಯೇ ಉಳಿಯುತ್ತದೆ.

ಇಂಥ ಚಿತ್ರವನ್ನು ಹಿಡಿದು ತರುಣನೊಬ್ಬನು ಊರ ಕಟ್ಟೆಗೆ ಬಂದನೆಂದು ಊಹಿಸಿಕೊಳ್ಳಬಹುದು. “ಅಜ್ಜಾರ, ನಿಮ್ಮ ಹೊಲದ ಲೆಕ್ಕ ಸೊನ್ನಿ ಬಂದೈತ್ರಿ” ಎಂದು ಆತ ಹೇಳಿದರೆ, “ಹಂಗಾದ್ರ ನನ್ನ ಕಣ್ಣಿಗೆ ಎದಿಮಟ ಕಾಣೂ ಕಬ್ಬು ಏನಪಾ ತಮ್ಮಾ?” ಎಂದು ಮುದುಕನು ಕೇಳದೆ ಇರುವನೆ? ತರುಣನ ಯಂತ್ರ ಕೆಟ್ಟಿಲ್ಲ. ಉಪಗ್ರಹವೂ ಸುಳ್ಳು ಹೇಳಿಲ್ಲ. ಎಕರೆಯನ್ನು ಗುಂಟೆ ಮಾಡದೆಯೇ ಗುಂಟೆಯನ್ನು ಅಳಿಸಿಹಾಕಿದಂತೆ ಆಗಿದೆ, ಅಷ್ಟೆ.

ಪರಿಹಾರವು ಸುಲಭವಾದುದು. ಮೊದಲು ಗುಣಿಸಬೇಕು, ಆ ಬಳಿಕ ಪೂರ್ಣಾಂಕ ಮಾಡಬೇಕು. 10,000ದಿಂದ ಗುಣಿಸಿದರೆ ಮೇಲಿನ ನಾಲ್ಕು ಸಂಖ್ಯೆಗಳು ಕ್ರಮವಾಗಿ −1000, 1500, 3000, 8000 ಎಂದಾಗುತ್ತವೆ. ಇವೆಲ್ಲ ಪೂರ್ಣಾಂಕಗಳು, 2 ಬೈಟಿನೊಳಗೆ ಸುಖವಾಗಿ ಹಿಡಿಸುತ್ತವೆ. ನಿಜವಾದ ಬೆಲೆ ಬೇಕಾದಾಗ ಮತ್ತೆ 10,000ದಿಂದ ಭಾಗಿಸಿದರಾಯಿತು. ಅಮೆರಿಕದ ನಾಸಾ ಸಂಸ್ಥೆಯ ಟೆರಾ ಉಪಗ್ರಹದಿಂದ ತಯಾರಾಗುವ ಹಸುರಿನ ನಕ್ಷೆಗಳು ಈ ಪದ್ಧತಿಯಲ್ಲಿಯೇ ಪ್ರಕಟವಾಗುತ್ತವೆ.

ಹತ್ತು ಸಾವಿರವೇ ಏಕೆ, ಹತ್ತು ಕೋಟಿ ಏಕಾಗಬಾರದೆಂದು ಕೇಳಬಹುದು. ಬಂಗಾರವನ್ನು ಗುಂಜಿಯಲ್ಲಿ ತೂಗುವುದು, ಬೆಲ್ಲವನ್ನು ಮಣದಲ್ಲಿ ತೂಗುವುದು ಲೋಕರೂಢಿ. ಬೆಲ್ಲದ ಪೆಂಟೆಯನ್ನು ಗುಂಜಿಯ ಲೆಕ್ಕದಲ್ಲಿ ತೂಗುವ ವರ್ತಕನಿಲ್ಲ. ಗಾಳಿಯ ಧೂಳು, ತೆಳುಮೋಡ, ಸೂರ್ಯನ ಓರೆ ಇವೆಲ್ಲ ಸೇರಿ ಉಪಗ್ರಹದ ಅಳತೆಯಲ್ಲಿಯೇ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದಕಾರಣ 0.8134729 ಎಂಬ ಅಂಕಿಯ ಕೊನೆಯ ಮೂರು ಸ್ಥಾನಗಳಿಗೆ ನೆಲದ ಮೇಲೆ ಅರ್ಥವೇ ಇಲ್ಲ. ಅಳತೆಯ ಯೋಗ್ಯತೆಗೆ ತಕ್ಕ ಮಾನವನ್ನು ಆರಿಸುವುದೇ ಜಾಣತನ.

ಚೂರುಪಾರಿನ ಮಹಿಮೆ

ಕತ್ತರಿಸುವುದಕ್ಕೂ ಹತ್ತಿರದ ಅಂಕಿಗೆ ಸರಿಪಡಿಸುವುದಕ್ಕೂ ಇರುವ ಭೇದವನ್ನು ಅಲ್ಪವೆಂದು ತಿಳಿಯಲಾಗದು. 1957ರ ಏಪ್ರಿಲ್ 1ರಂದು ಭಾರತದಲ್ಲಿ ರೂಪಾಯಿಗೆ 100 ನಯಾ ಪೈಸೆಯೆಂಬ ಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ. ಒಂದು ಆಣೆಗೆ ಸರಿಯಾಗಿ ಆರೂಕಾಲು ನಯಾ ಪೈಸೆ ಆಗಬೇಕು. ಕಾಲು ಪೈಸೆಯ ನಾಣ್ಯವೇ ಇಲ್ಲ. ಆದ್ದರಿಂದ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ನಯಾ ಪೈಸೆ ಎಂಬ ಕೋಷ್ಟಕವನ್ನು ಗೊತ್ತುಮಾಡಲಾಯಿತು. ಒಂದೊಂದು ಆಣೆಯ ಸಾಮಾನನ್ನು 16 ಸಲ ಬಿಡಿಬಿಡಿಯಾಗಿ ಕೊಂಡರೆ 96 ಪೈಸೆ. ಒಟ್ಟಿಗೆ ಕೊಂಡರೆ 100. ನಾಲ್ಕು ಪೈಸೆ ಮಾಯವಾದದ್ದು ಕಳ್ಳರಿಂದಲ್ಲ, ಲೆಕ್ಕದ ಅಂಚಿನಿಂದ.

ಕೆನಡಾ ದೇಶದ ವ್ಯಾಂಕೂವರ್ ಷೇರುಪೇಟೆಯಲ್ಲಿ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1982ರ ಜನವರಿಯಲ್ಲಿ 1000 ಎಂದು ಆರಂಭವಾದ ಅಲ್ಲಿಯ ಸೂಚ್ಯಂಕವನ್ನು, ಪ್ರತಿ ಸಲವೂ ಮೂರನೆಯ ದಶಾಂಶ ಸ್ಥಾನದ ಮುಂದಿನದನ್ನು ಕತ್ತರಿಸುತ್ತ ಲೆಕ್ಕಹಾಕಲಾಗುತ್ತಿತ್ತು. ದಿನಕ್ಕೆ ಸಾವಿರಾರು ಸಲ ಹೀಗೆ ನಡೆದು, 1983ರ ನವೆಂಬರ್ ವೇಳೆಗೆ ಸೂಚ್ಯಂಕವು 524ರ ಸುತ್ತಿಗೆ ಇಳಿದಿತ್ತು. ಲೆಕ್ಕವನ್ನು ಸರಿಪಡಿಸಿದಾಗ ಅದು 1098ಕ್ಕೆ ಮೇಲ್ಪಟ್ಟು ಇರಬೇಕಾಗಿತ್ತೆಂದು ತಿಳಿಯಿತು. ಹನಿ ಹನಿಗೂಡಿದರೆ ಹಳ್ಳವೆಂಬ ಗಾದೆ ಲಾಭಕ್ಕೆ ಮಾತ್ರವಲ್ಲ, ನಷ್ಟಕ್ಕೂ ಸಲ್ಲುತ್ತದೆ.

ಪಾತ್ರೆ ಸಾಲದಾದಾಗ

ಗುಣಿಸುವುದರಲ್ಲಿಯೂ ಒಂದು ಅಪಾಯವಿದೆ. 2 ಬೈಟಿನ ಪಾತ್ರೆಯಲ್ಲಿ ಹಿಡಿಸುವುದು −32,768ರಿಂದ 32,767ರವರೆಗೆ. ಋಣಸಂಖ್ಯೆಗಳನ್ನು ಕೈಬಿಟ್ಟರೆ 0ಯಿಂದ 65,535ರವರೆಗೆ. ಹಿಡಕಲ್ ಜಲಾಶಯದ ಪೂರ್ಣಮಟ್ಟ 2175 ಅಡಿ, ಅಂದರೆ 662.94 ಮೀಟರು. ದಶಾಂಶವೇ ಬೇಡವೆಂದು ಇದನ್ನು ಸೆಂಟಿಮೀಟರು ಮಾಡಿದರೆ 66,294 ಆಗುತ್ತದೆ. ಪಾತ್ರೆ ತುಂಬಿ ಹೊರಚೆಲ್ಲಿತು! ಕೆಲವು ಯಂತ್ರಗಳು ಇದನ್ನು 65,535ರಲ್ಲಿಯೇ ತಡೆದು ನಿಲ್ಲಿಸುತ್ತವೆ. ಇನ್ನು ಕೆಲವು, ಗಡಿಯಾರದ ಮುಳ್ಳು ಹನ್ನೆರಡು ದಾಟಿ ಮತ್ತೆ ಒಂದಕ್ಕೆ ಬರುವಂತೆ ಸುತ್ತುಹಾಕಿ, 758 ಎಂದು ಬರೆದಿಡುತ್ತವೆ. ಘಟಪ್ರಭೆಯ ಜಲಾಶಯ ಸಮುದ್ರಮಟ್ಟದಿಂದ ಏಳೂವರೆ ಮೀಟರು ಎತ್ತರದಲ್ಲಿ, ಕಡಲತಡಿಯ ಊರಿನಂತೆ, ಕುಳಿತುಬಿಡುತ್ತದೆ.

ಇದೇ ಬಗೆಯ ತಪ್ಪು 1996ರ ಜೂನ್ 4ರಂದು ಒಂದು ರಾಕೆಟ್ಟನ್ನೇ ನುಂಗಿತು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಹಾರಿದ ಏರಿಯಾನ್-5, ಸುಮಾರು 40 ಸೆಕೆಂಡುಗಳಲ್ಲಿ ಆಕಾಶದಲ್ಲಿಯೇ ಚೂರುಚೂರಾಯಿತು. ಮಾರ್ಗದರ್ಶಕ ಯಂತ್ರದಲ್ಲಿ ಒಂದು ತೇಲುಬಿಂದು ಸಂಖ್ಯೆಯನ್ನು 2 ಬೈಟಿನ ಪೂರ್ಣಾಂಕಕ್ಕೆ ಬದಲಿಸುವ ಸ್ಥಳದಲ್ಲಿ, ಸಂಖ್ಯೆ 32,767ನ್ನು ಮೀರಿತು. ನಿಧಾನಗತಿಯ ಏರಿಯಾನ್-4 ರಾಕೆಟ್ಟಿಗೆ ಸಾಕಾಗಿದ್ದ ಆ ಪಾತ್ರೆ, ಹೊಸ ರಾಕೆಟ್ಟಿನ ವೇಗಕ್ಕೆ ಸಾಲದಾಯಿತು. ಅದರೊಡನೆ ನಾಲ್ಕು ವಿಜ್ಞಾನ ಉಪಗ್ರಹಗಳೂ ನಾಶವಾದವು.

ಜಲಾಶಯದ ತೊಡಕಿಗೆ ಪರಿಹಾರವು ಸೇತುವೆಯ ಕಂಬದ ಮೇಲೆಯೇ ಇದೆ. ಪ್ರವಾಹದ ನೀರನ್ನು ಅಳೆಯುವ ಪಟ್ಟಿಯಲ್ಲಿ ಸಮುದ್ರಮಟ್ಟದಿಂದ ಎಣಿಸಬೇಕಾದ ನಿರ್ಬಂಧವಿಲ್ಲ. ಕಂಬದ ಬುಡದಿಂದ ಎಣಿಸಿದರೂ ನೀರಿನ ಏರಿಳಿತ ತಿಳಿಯುತ್ತದೆ. ಹಾಗೆಯೇ 600 ಮೀಟರನ್ನು ಬುಡವೆಂದು ಹಿಡಿದು ಅದನ್ನು ಕಳೆದುಬಿಟ್ಟರೆ ಉಳಿಯುವುದು 62.94 ಮೀಟರು, ಅಂದರೆ 6294 ಸೆಂಟಿಮೀಟರು. ಪಾತ್ರೆಯಲ್ಲಿ ಬೇಕಾದಷ್ಟು ಜಾಗ ಉಳಿಯಿತು. ಗುಣಿಸುವ ಅಂಕಿಯೊಂದು, ಕಳೆಯುವ ಅಥವಾ ಕೂಡಿಸುವ ಅಂಕಿಯೊಂದು: ಈ ಎರಡರಿಂದ ಯಾವ ದಶಾಂಶದ ಹಾಸನ್ನಾದರೂ ಪೂರ್ಣಾಂಕದ ಹಾಸಾಗಿ ಮಾರ್ಪಡಿಸಬಹುದು.

ಆದರೆ ಆ ಎರಡು ಅಂಕಿಗಳನ್ನು ಮರೆತವನ ಗತಿಯೇನು? ಸೆಂಟಿನೆಲ್-2 ಚಿತ್ರಗಳಲ್ಲಿ ಬೆಳಕಿನ ಪ್ರಮಾಣವನ್ನು 10,000ದಿಂದ ಗುಣಿಸಿ ಬರೆಯುವುದು ಮೊದಲಿನಿಂದ ನಡೆದುಬಂದ ರೂಢಿ. ಆಳವಾದ ನೀರು, ಬೆಟ್ಟದ ನೆರಳು ಮೊದಲಾದ ಕತ್ತಲೆಯ ಜಾಗಗಳಲ್ಲಿ ಲೆಕ್ಕವು ಸೊನ್ನೆಗಿಂತ ಕೆಳಗಿಳಿದಾಗ ಅದು ಕತ್ತರಿಸಿಹೋಗುತ್ತಿತ್ತು. ಅದನ್ನು ಉಳಿಸಿಕೊಳ್ಳುವ ಸಲುವಾಗಿ 2022ರ ಜನವರಿ 25ರಿಂದ ಪ್ರತಿಯೊಂದು ಬೆಲೆಗೂ 1000ವನ್ನು ಕೂಡಿಸಿ ಬರೆಯತೊಡಗಿದರು. ಬಳಸುವವನು ಮೊದಲು 1000ವನ್ನು ಕಳೆದು, ಆಮೇಲೆ ಭಾಗಿಸಬೇಕು. ಒಂದು ಕಬ್ಬಿನ ಗುಂಟೆಯಲ್ಲಿ ಕೆಂಪು 400, ಅವಕೆಂಪು 4000 ಇದ್ದರೆ ಸೂಚ್ಯಂಕ 0.82, ಅದು ಉತ್ತಮವಾದ ಬೆಳೆ. ಅದೇ ಗುಂಟೆ ಹೊಸ ಪದ್ಧತಿಯಲ್ಲಿ 1400 ಮತ್ತು 5000 ಎಂದು ದಾಖಲಾಗುತ್ತದೆ. ಕಳೆಯುವುದನ್ನು ಮರೆತು ಲೆಕ್ಕಹಾಕಿದರೆ ಸೂಚ್ಯಂಕ 0.56. ಹೊಲದಲ್ಲಿ ಒಂದು ಎಲೆಯೂ ಬಾಡಿಲ್ಲ. ನಕ್ಷೆಯಲ್ಲಿ ಮಾತ್ರ ಬರಗಾಲ ಬಂದಿದೆ! 2021ರ ಬೆಳೆಯನ್ನೂ 2022ರ ಬೆಳೆಯನ್ನೂ ಹೀಗೆ ಹೋಲಿಸಿದವನು, ಲೆಕ್ಕದ ಬದಲಾವಣೆಯನ್ನು ಮಳೆಯ ಬದಲಾವಣೆಯೆಂದು ಭ್ರಮಿಸಿಯಾನು.

ಹೋಲಿಕೆಗೆ ಬಾರದ ಗುಣಾಂಕಗಳು

ಇನ್ನೊಂದು ರೂಢಿ, ಚಿತ್ರದಲ್ಲಿರುವ ಅತಿ ಕಡಿಮೆಯ ಬೆಲೆಯನ್ನು 0 ಎಂದೂ ಅತಿ ಹೆಚ್ಚಿನದನ್ನು 255 ಎಂದೂ ಮಾಡಿ, ನಡುವಿನದನ್ನೆಲ್ಲ ಅದೇ ಪ್ರಮಾಣದಲ್ಲಿ ಹಿಗ್ಗಿಸುವುದು. ಇದಕ್ಕೆ ಒಂದೇ ಬೈಟು ಸಾಕು. ಚಿತ್ರವೂ ನೋಡಲು ಬಹು ಸೊಗಸಾಗಿ ಕಾಣುತ್ತದೆ. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ. ಆದರೆ ಒಂದು ವರ್ಷವನ್ನು ಇನ್ನೊಂದು ವರ್ಷದೊಡನೆ ಹೋಲಿಸಲು ಇದು ಬಾರದು. ತರಗತಿಯಲ್ಲಿ ಮೊದಲಿಗನಾಗಿ ಬಂದವನಿಗೆ ನೂರಕ್ಕೆ ನೂರು, ಕೊನೆಯವನಿಗೆ ಸೊನ್ನೆ ಎಂದು ಮಾಸ್ತರರು ಕೊಡುತ್ತ ಹೋದರೆ, ಈ ವರ್ಷದ ಹುಡುಗರು ಕಳೆದ ವರ್ಷದವರಿಗಿಂತ ಜಾಣರೋ ದಡ್ಡರೋ ತಿಳಿಯುವ ಬಗೆಯೆಂತು? ಹಾಗೆಯೇ ಮಳೆಯಿಲ್ಲದ ವರ್ಷದಲ್ಲಿಯೂ ಇದ್ದುದರಲ್ಲಿಯೇ ಹಸುರಾದ ಗುಂಟೆಗೆ 255 ಬರುತ್ತದೆ. ಹೋಲಿಸಬೇಕಾದಲ್ಲಿ ಕೆಳಗಿನ ಮತ್ತು ಮೇಲಿನ ಮಿತಿಗಳನ್ನು ಮೊದಲೇ ಗೊತ್ತುಮಾಡಿ, ಎಲ್ಲ ವರ್ಷಗಳಿಗೂ ಅವನ್ನೇ ಬಳಸತಕ್ಕದ್ದು.

ಖಾಲಿ ಚೌಕಗಳದೂ ಒಂದು ಕಥೆ. ಮೋಡ ಮುಸುಕಿ ಕಾಣದೆಹೋದ ಜಾಗಕ್ಕೆ ಏನನ್ನಾದರೂ ಬರೆಯಲೇಬೇಕಲ್ಲ? ಅದಕ್ಕಾಗಿ ನಿಜವಾಗಿ ಬರಲಾರದ ಅಂಕಿಯೊಂದನ್ನು ಸಂಕೇತವಾಗಿ ಆರಿಸುತ್ತಾರೆ. ಟೆರಾ ಉಪಗ್ರಹದ ಹಸುರಿನ ನಕ್ಷೆಯಲ್ಲಿ ಅದು −3000. ಇದನ್ನರಿಯದವನು 10,000ದಿಂದ ಭಾಗಿಸಿ −0.3 ಎಂದು ಓದಿ, ಹೊಲದ ನಡುವೆ ಇಲ್ಲದ ಕೆರೆಯೊಂದನ್ನು ಕಂಡುಹಿಡಿಯುತ್ತಾನೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಆಕಾಶನೌಕೆಯು 11 ದಿನಗಳ ಯಾತ್ರೆಯಲ್ಲಿ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ಆ ನಕ್ಷೆಯಲ್ಲಿ ಅಳತೆ ಸಿಗದ ಚೌಕಕ್ಕೆ −32,768 ಎಂಬ ಸಂಕೇತವಿದೆ. 650 ಮೀಟರು ಎತ್ತರದ ಒಂಬತ್ತು ಚೌಕಗಳೊಡನೆ ಇಂಥ ಒಂದು ಚೌಕವನ್ನು ಸೇರಿಸಿ ಸರಾಸರಿ ತೆಗೆದರೆ ಆ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 2692 ಮೀಟರು ಕೆಳಗೆ ಇಳಿದುಹೋಗುತ್ತದೆ. ನಗು ಬರಿಸುವಷ್ಟು ದೊಡ್ಡ ತಪ್ಪು ಒಡನೆಯೇ ಸಿಕ್ಕಿಬೀಳುತ್ತದೆ. ಅಪಾಯವಿರುವುದು ನಂಬುವಂತಿರುವ ಸಣ್ಣ ತಪ್ಪುಗಳಲ್ಲಿ.

ಮೊಣಕಾಲುದ್ದದ ನೀರು

ಎಂಡೆವರ್ ನೌಕೆಯ ಎತ್ತರಗಳೆಲ್ಲ ಪೂರ್ಣ ಮೀಟರುಗಳಲ್ಲಿವೆ. ಇದು ಪ್ರಕಟಿಸಿದವರ ತಪ್ಪಲ್ಲ. ಅಳತೆಯಲ್ಲಿಯೇ ಕೆಲವು ಮೀಟರುಗಳ ಹೆಚ್ಚುಕಡಿಮೆ ಇರುವಾಗ ಸೆಂಟಿಮೀಟರನ್ನು ಬರೆಯುವುದು ಡಂಭವಾಗುತ್ತಿತ್ತು. ಬೆಟ್ಟ, ಕಣಿವೆ, ನದಿಪಾತ್ರಗಳನ್ನು ತಿಳಿಯಲು ಆ ಮಾನ ಸಾಕು. ಆದರೆ ಅದೇ ನಕ್ಷೆಯನ್ನು ಹಿಡಿದು ಯಾರ ಹೊಲ ಮುಳುಗೀತು, ಯಾರದು ಉಳಿದೀತು ಎಂದು ಹೇಳಹೊರಟರೆ ಅನ್ಯಾಯವಾಗುತ್ತದೆ. 599.6 ಮೀಟರು ಎತ್ತರದ ಹೊಲವೂ 600.4 ಮೀಟರಿನ ಹೊಲವೂ ಆ ಲೆಕ್ಕದಲ್ಲಿ 600. ನಡುವೆ ಮರೆಯಾದದ್ದು 80 ಸೆಂಟಿಮೀಟರು. ಮೊಣಕಾಲನ್ನು ಮೀರಿದ ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದಾಗ, ಹೊಸ್ತಿಲೊಳಗೆ ಬಂದ ನೀರಿಗೂ ಹೊಸ್ತಿಲ ಹೊರಗೇ ನಿಂತ ನೀರಿಗೂ ಇರುವ ಅಂತರವನ್ನು ಆ ಊರಿನ ಗೃಹಿಣಿಯರಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಜಲಾಶಯದ ಮಟ್ಟವನ್ನು 662.94 ಎನ್ನುವ ಬದಲು 663 ಎಂದರೆ 6 ಸೆಂಟಿಮೀಟರಿನ ವ್ಯತ್ಯಾಸ; ಕೈಬೆರಳಿನಷ್ಟು. ಆದರೆ ಒಂದು ಚದರ ಕಿಲೋಮೀಟರು ಹರವಿನ ಮೇಲೆ ಆ ಬೆರಳುದ್ದದ ನೀರು 60,000 ಘನಮೀಟರು, ಎಂದರೆ 6 ಕೋಟಿ ಲೀಟರು. ಹಿನ್ನೀರು ಹರಡಿದಷ್ಟೂ ಇದು ಬೆಳೆಯುತ್ತ ಹೋಗುತ್ತದೆ.

ಹೀಗಿರುವುದರಿಂದ ಪೂರ್ಣಾಂಕಕ್ಕೆ ಬದಲಿಸಿದ ಯಾವುದೇ ನಕ್ಷೆಯ ಅಂಚಿನಲ್ಲಿ ಮೂರು ಸಂಗತಿಗಳು ಬರೆದಿರಲೇಬೇಕು: ಯಾವ ಅಂಕಿಯಿಂದ ಗುಣಿಸಿದ್ದು, ಯಾವುದನ್ನು ಕೂಡಿಸಿದ್ದು ಅಥವಾ ಕಳೆದದ್ದು, ಖಾಲಿ ಚೌಕದ ಸಂಕೇತ ಯಾವುದು. ಮೂಲದ ದಶಾಂಶ ಚಿತ್ರವನ್ನು ಅಳಿಸದೆ ಬೇರೆಯಾಗಿ ಕಾಪಿಡಬೇಕು. ಏಕೆಂದರೆ ಪೂರ್ಣಾಂಕದಿಂದ ದಶಾಂಶಕ್ಕೆ ಮರಳಿದರೂ ಒಮ್ಮೆ ಕತ್ತರಿಸಿದ ಚೂರು ಮರಳಿ ಬರುವುದಿಲ್ಲ. ಬದಲಿಸಿದ ಮೇಲೆ ನಾಲ್ಕಾರು ಚೌಕಗಳನ್ನು ಆರಿಸಿ, ಹಿಂದಿನ ಬೆಲೆಯೊಡನೆ ತಾಳೆನೋಡುವುದಕ್ಕೆ ಐದು ನಿಮಿಷ ಸಾಕು.

ಕೇಂದ್ರ ಸರ್ಕಾರವು 2016ರಲ್ಲಿ ಹೊರತಂದ ಬರ ನಿರ್ವಹಣೆಯ ಕೈಪಿಡಿಯಲ್ಲಿ ಮಳೆ, ಬಿತ್ತನೆ, ನೀರಿನ ಸಂಗ್ರಹಗಳ ಜೊತೆಗೆ ಉಪಗ್ರಹದ ಹಸುರಿನ ಸೂಚ್ಯಂಕಕ್ಕೂ ಎಡೆ ಕೊಡಲಾಗಿದೆ. ಹೊಲಕ್ಕೆ ಹೋಗಿ ಕಣ್ಣಾರೆ ನೋಡುವುದಕ್ಕೂ ಎಡೆಯಿದೆ. ಇದು ಒಳ್ಳೆಯದು. ಯಂತ್ರದ ಅಂಕಿಗೂ ರೈತನ ಕಣ್ಣಿಗೂ ಭೇದ ಬಂದಾಗ ಆತ ಕೇಳಬಹುದಾದ ಪ್ರಶ್ನೆ ಬಹಳ ಸರಳವಾದುದು: ಈ ಅಂಕಿ ಯಾವ ಮಾನದಲ್ಲಿದೆ? ಎಕರೆ, ಗುಂಟೆ, ಆಣೆ ಎಂಬ ಶಬ್ದಗಳನ್ನು ಅಳಿಸಿಬಿಟ್ಟರೆ ಉತಾರದಲ್ಲಿ ಉಳಿಯುವ 2, 17, 8 ಎಂಬ ಅಂಕಿಗಳಿಂದ ಒಂದು ಬದುವನ್ನೂ ಗುರುತಿಸಲಾಗದು. ಉಪಗ್ರಹದ ನಕ್ಷೆಯನ್ನು ತಂದು ತೋರಿಸುವವರಿಂದಲೂ ಆ ಶಬ್ದಗಳನ್ನು ಕೇಳಿ ಪಡೆಯುವ ಹಕ್ಕು ಹೊಲದ ಒಡೆಯನಿಗೆ ಇದ್ದೇ ಇದೆ.